ಪಹಣಿಯ ಪುಟವೂ ರೈತನ ಕಣ್ಣೂ

ಮದ್ದೂರಿನ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುವ ಬಸ್ಸಿನ ನೆತ್ತಿಯ ಮೇಲೆ ಮಳವಳ್ಳಿ ಎಂದೋ ಕೊಪ್ಪ ಎಂದೋ ದಪ್ಪಕ್ಷರಗಳಲ್ಲಿ ಬರೆದಿರುತ್ತದೆಯೇ ಹೊರತು, ಆ ಬಸ್ಸು ಯಾವ ಡಿಪೋಗೆ ಸೇರಿದ್ದು, ಯಾವ ವಿಭಾಗಾಧಿಕಾರಿಯ ಆಡಳಿತಕ್ಕೆ ಒಳಪಟ್ಟದ್ದು ಎಂಬ ವಿವರಗಳನ್ನು ಓದಿ ಮುಗಿಸಿದ ಮೇಲೆಯೇ ಹತ್ತಬೇಕೆಂದು ಪ್ರಯಾಣಿಕನನ್ನು ಯಾರೂ ನಿರ್ಬಂಧಿಸುವುದಿಲ್ಲ. ಹೋಗತಕ್ಕವನಿಗೆ ಬೇಕಾದದ್ದು ಊರಿನ ಹೆಸರು. ಅದು ಮೊದಲು ಕಾಣುತ್ತದೆ. ಇಷ್ಟು ಸಾಮಾನ್ಯವಾದ ವಿವೇಕವು ಜಾಲತಾಣಗಳನ್ನು ಕಟ್ಟುವವರಲ್ಲಿ ಅನೇಕರಿಗೆ ಏಕೆ ದುರ್ಲಭವಾಗಿದೆಯೋ ನಾನರಿಯೆ. ಪುಟವನ್ನು ತೆರೆದೊಡನೆ ಮುಖ್ಯಸ್ಥರ ಭಾವಚಿತ್ರ, ಅದರ ಕೆಳಗೆ ಸಂಸ್ಥೆಯ ಧ್ಯೇಯೋದ್ದೇಶಗಳು, ಬಲದಿಂದ ಎಡಕ್ಕೆ ಓಡುತ್ತಿರುವ ಒಂದು ಸಾಲು ಪ್ರಕಟಣೆ, ಪಕ್ಕದಲ್ಲಿ ಶಾಖೆ ಉಪಶಾಖೆಗಳ ಪಟ್ಟಿ. ಬಂದವನು ಯಾವ ಕೆಲಸಕ್ಕಾಗಿ ಬಂದನೋ ಅದು ಮಾತ್ರ ಎಲ್ಲಿಯೋ ಮೂಲೆಯಲ್ಲಿ.

ಮೊದಲು ಹೀಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣವು ಕೇವಲ ಅಕ್ಷರಗಳಿಂದಲೂ, ಒಂದು ಬರಹದಿಂದ ಇನ್ನೊಂದಕ್ಕೆ ಹಾದುಹೋಗುವ ಕೊಂಡಿಗಳಿಂದಲೂ ಕೂಡಿದ ನಿರಾಡಂಬರವಾದ ಪುಟವಾಗಿತ್ತು. ಬೇಕಾದ ವಿಷಯ ಬೇಕಾದವನಿಗೆ ಸಿಕ್ಕಬೇಕೆಂಬುದೊಂದೇ ಅದರ ಉದ್ದೇಶ. ಅಲಂಕಾರ ಅನಂತರ ಬಂದದ್ದು. ಅಲಂಕಾರವನ್ನು ನಾನು ದ್ವೇಷಿಸುವವನಲ್ಲ. ಆದರೆ ಅದು ಬಾಗಿಲನ್ನು ಮುಚ್ಚುವಷ್ಟು ಬೆಳೆದರೆ ಸಹಿಸುವುದು ಕಷ್ಟ.

ನಮ್ಮ ಮಂಡ್ಯ ಸೀಮೆಯ ಜನರಿಗೆ ಗಣಕಯಂತ್ರದ ಪರಿಚಯವಾದದ್ದು ಬಹುಮಟ್ಟಿಗೆ ಪಹಣಿಯ ಮೂಲಕ. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿ ಕೈಬರಹದ ಪುಸ್ತಕಗಳಾಗಿದ್ದ ಭೂದಾಖಲೆಗಳನ್ನು ಕಂದಾಯ ಇಲಾಖೆಯು ಕೇಂದ್ರ ಸರ್ಕಾರದ ಗಣಕ ಸಂಸ್ಥೆಯಾದ ಎನ್‌ಐಸಿಯ ನೆರವಿನಿಂದ ಗಣಕಕ್ಕೆ ಏರಿಸಿ, ಈ ಶತಮಾನದ ಆದಿಯಲ್ಲಿ ‘ಭೂಮಿ’ ಎಂಬ ಹೆಸರಿನಿಂದ 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳನ್ನು ತೆರೆಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳು ಹೀಗೆ ಗಣಕದೊಳಕ್ಕೆ ಬಂದವು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು ಈ ಕಾರ್ಯದ ಮುಂಚೂಣಿಯಲ್ಲಿದ್ದವರು. ಶಾನುಭೋಗರ ಕಾಲದಿಂದಲೂ ಲೆಕ್ಕಿಗರ ಮನೆಯ ಜಗಲಿಯಲ್ಲಿ ಕಾದು ಕುಳಿತು ಅಭ್ಯಾಸವಾಗಿದ್ದ ರೈತನು ಕಿಟಕಿಯ ಮುಂದೆ ನಿಂತು, 15 ರೂಪಾಯಿ ಕೊಟ್ಟು, ಅಚ್ಚಾದ ಪಹಣಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟದ್ದು ಸಣ್ಣ ಸಂಗತಿಯಲ್ಲ.

ಆ ಕೇಂದ್ರಗಳಲ್ಲಿದ್ದ ಒಂದು ಏರ್ಪಾಡನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸಿಬ್ಬಂದಿಯ ಮುಂದೆ ಒಂದು ಪರದೆಯಿದ್ದರೆ, ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯೂ ಇರುತ್ತಿತ್ತು. ಒಳಗೆ ಕುಳಿತವನು ಏನನ್ನು ನೋಡುತ್ತಿದ್ದನೋ ಹೊರಗೆ ನಿಂತವನೂ ಅದನ್ನೇ, ಅದೂ ಕನ್ನಡದಲ್ಲಿ, ನೋಡಬಹುದಾಗಿತ್ತು. ಒಂಬತ್ತನೇ ಕಾಲಮ್ಮಿನಲ್ಲಿ ತನ್ನ ತಂದೆಯ ಹೆಸರು ಸರಿಯಾಗಿದೆಯೇ, ಹನ್ನೊಂದನೆಯದರಲ್ಲಿ ತೀರಿಸಿದ ಸೊಸೈಟಿ ಸಾಲ ಇನ್ನೂ ನಿಂತಿದೆಯೇ ಎಂಬುದನ್ನು ಅವನು ಅಲ್ಲಿಯೇ ಕಂಡು, ಅಲ್ಲಿಯೇ ಕೇಳಬಹುದಾಗಿತ್ತು. ತಾಣವಿನ್ಯಾಸದ ಗ್ರಂಥಗಳು ಅಧ್ಯಾಯಗಟ್ಟಲೆ ಬೋಧಿಸುವ ತತ್ತ್ವವನ್ನು, ಅಂದರೆ ಯಂತ್ರವು ಏನು ಮಾಡುತ್ತಿದೆಯೆಂಬುದು ಬಳಸುವವನಿಗೆ ಸದಾ ಗೋಚರವಾಗಿರಬೇಕೆಂಬುದನ್ನು, ಆ ಎರಡನೆಯ ಪರದೆ ಮೌನವಾಗಿ ಪಾಲಿಸಿತು. ಡೆನ್ಮಾರ್ಕ್ ಮೂಲದ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಮೊದಲನೆಯದೂ ಇದೇ.

ಅನಂತರ ಪಹಣಿಯು ಜಾಲತಾಣಕ್ಕೆ ಬಂತು. ಕಚೇರಿಗೆ ಹೋಗದೆಯೇ ನೋಡಬಹುದೆಂಬುದು ಮಹೋಪಕಾರವೇ ಸರಿ. ಆದರೆ ಕಿಟಕಿಯ ಹಿಂದೆ ಕುಳಿತು ನಮ್ಮ ಮಾತನ್ನು ಕಚೇರಿಯ ಭಾಷೆಗೆ ತಿರುಗಿಸುತ್ತಿದ್ದ ಆಸಾಮಿ ಇಲ್ಲಿಲ್ಲ. ಆ ಕೆಲಸವನ್ನೀಗ ಪುಟವೇ ಮಾಡಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಕ್ರಮವಾಗಿ ಕೇಳುತ್ತ ಹೋಗುವ ಆ ಪುಟವು ಅಲ್ಲಿಯವರೆಗೆ ಸುಗಮವಾಗಿಯೇ ಇದೆ. ಮಂಡ್ಯ, ಮಳವಳ್ಳಿ, ಹಲಗೂರು ಎಂದು ಆರಿಸುತ್ತ ಬಂದವನು ಮುಂದೆ ‘ಸರ್ನಾಕ್’ ಎಂಬ ಪೆಟ್ಟಿಗೆಯ ಮುಂದೆ ಬಂದು ನಿಂತುಬಿಡುತ್ತಾನೆ. ಆ ಪದವನ್ನು ಅವನು ಹೊಲದಲ್ಲಿಯೂ ಕೇಳಿಲ್ಲ, ಸಂತೆಯಲ್ಲಿಯೂ ಕೇಳಿಲ್ಲ. ಪೆಟ್ಟಿಗೆಯನ್ನು ತೆರೆದರೆ ಬಹುತೇಕ ಸಂದರ್ಭಗಳಲ್ಲಿ ಅಲ್ಲಿರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಅದನ್ನೇ ಒತ್ತಬೇಕೆಂದು ಬಲ್ಲವರು ಬಲ್ಲರು. ಅರಿಯದವನು ಸೈಬರ್ ಅಂಗಡಿಗೆ ನಡೆಯುತ್ತಾನೆ. ಒಂದೇ ಉತ್ತರವಿರುವಲ್ಲಿ ಪ್ರಶ್ನೆಯನ್ನೇ ಕೇಳದೆ ಮುಂದಕ್ಕೆ ಕರೆದೊಯ್ಯುವುದು ಗಣಕಕ್ಕೆ ಅಸಾಧ್ಯವಾದ ಕೆಲಸವೇನಲ್ಲ. ಕಚೇರಿಯ ಪುಸ್ತಕದಲ್ಲಿ ಒಂದು ಅಂಕಣವಿದೆಯೆಂಬ ಕಾರಣಕ್ಕಾಗಿ ಪರದೆಯ ಮೇಲೆಯೂ ಒಂದು ಪೆಟ್ಟಿಗೆ ಇರಲೇಬೇಕೆಂಬ ಭಾವನೆಯಿಂದಲೇ ಇಂತಹ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುವೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಅಪಾಯಕರವಾದದ್ದು ಅಳತೆಯ ವಿಷಯ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 1.20 ಎಂದು ಕಂಡರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಎಂದು ನಾಲೆಯ ಬಯಲಿನ ಯಾವ ರೈತನೂ ಹೇಳಿಯಾನು. ಆದರೆ ದಶಾಂಶ ಪದ್ಧತಿಯಲ್ಲಿ ವಿಸ್ತೀರ್ಣವನ್ನು ಕೇಳುವ ಇನ್ನಾವುದೋ ಅರ್ಜಿಯ ಪುಟದಲ್ಲಿ ಅವನು ಅದನ್ನೇ ಬರೆದನೆಂದರೆ, ಯಂತ್ರವು ಅದನ್ನು ಒಂದು ಎಕರೆ ಎಂಟು ಗುಂಟೆ ಎಂದು ಗ್ರಹಿಸುತ್ತದೆ. ಹನ್ನೆರಡು ಗುಂಟೆ ಗದ್ದೆ ಒಂದು ಚುಕ್ಕೆಯಲ್ಲಿ ಕರಗಿಹೋಯಿತು! ತಪ್ಪು ಯಾರದು? ಎಕರೆಗೊಂದು, ಗುಂಟೆಗೊಂದು ಎಂದು ಎರಡು ಪೆಟ್ಟಿಗೆಗಳನ್ನಿಟ್ಟು, ಎರಡನೆಯದರಲ್ಲಿ ನಲವತ್ತಕ್ಕೆ ಕಡಿಮೆಯಾದ ಸಂಖ್ಯೆಯನ್ನು ಮಾತ್ರ ಅಂಗೀಕರಿಸುವಂತೆ ಮಾಡಿದ್ದರೆ ಈ ಅನರ್ಥಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಹೆಸರುಗಳ ವಿಷಯವೂ ಹೀಗೆಯೇ. ಶಿವಲಿಂಗೇಗೌಡ, ಶಿವಲಿಂಗೆಗೌಡ, ಶಿವಲಿಂಗ ಗೌಡ ಎಂಬ ಮೂರೂ ಮನುಷ್ಯನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಯಂತ್ರಕ್ಕೆ ಮೂವರು. ಒಂದು ದೀರ್ಘವೋ ಒಂದು ತೆರಪೋ ವ್ಯತ್ಯಾಸವಾದ ಮಾತ್ರಕ್ಕೆ ‘ದಾಖಲೆ ಇಲ್ಲ’ ಎಂದು ಉತ್ತರಿಸಿ ಸುಮ್ಮನಾಗುವ ಪುಟಕ್ಕಿಂತ, ಹತ್ತಿರದ ಹೆಸರುಗಳನ್ನು ಸಾಲಾಗಿ ತೋರಿಸಿ ‘ಇವುಗಳಲ್ಲಿ ನಿಮ್ಮದು ಯಾವುದು’ ಎಂದು ಕೇಳುವ ಪುಟವು ಸಾವಿರ ಪಾಲು ಮೇಲು. ತಪ್ಪನ್ನು ತಿಳಿಸುವ ಮಾತಿನಲ್ಲಿಯೂ ಇದೇ ಸೌಜನ್ಯ ಬೇಕು. ‘ಅಮಾನ್ಯ ನಮೂದು’ ಎಂದು ಕೆಂಪಕ್ಷರದಲ್ಲಿ ಗದರಿಸುವುದಕ್ಕೆ ಬದಲಾಗಿ ‘ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿಗಳಿರಬೇಕು, ನೀವು 9 ಬರೆದಿದ್ದೀರಿ’ ಎಂದರೆ ಯಾರ ಗಂಟೂ ಹೋಗುವುದಿಲ್ಲ. ಮೇಲೆ ಬರೆದದ್ದನ್ನೆಲ್ಲ ಅಳಿಸಿ ಮೊದಲಿನಿಂದ ತುಂಬಿಸುವ ಕ್ರೌರ್ಯವಂತೂ ಯಾವ ಪುಟಕ್ಕೂ ಸಲ್ಲದು.

ಇನ್ನು ಕನ್ನಡ ಲಿಪಿಯ ಸ್ವಭಾವ. ಇಂಗ್ಲಿಷಿಗೆಂದು ರಚಿಸಿದ ಚೌಕಟ್ಟಿನೊಳಗೆ ಕನ್ನಡವನ್ನು ತುರುಕಿದಾಗ ಏನಾಗುವುದೆಂಬುದನ್ನು ‘ಲಕ್ಷ್ಮೀ’, ‘ರಾಷ್ಟ್ರ’ ಮೊದಲಾದ ಪದಗಳಲ್ಲಿ ನೋಡಬೇಕು. ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಗುಲಿ ಎರಡೂ ಓದಲಾಗದಂತಾಗುತ್ತವೆ. ನಮ್ಮ ಲಿಪಿಗೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಅಕ್ಷರವೂ ತುಸು ದೊಡ್ಡದಿರಬೇಕು. ನಮ್ಮ ಪದಗಳು ಉದ್ದವಾದುವಾದಕಾರಣ ಒತ್ತುಗುಂಡಿಗಳು ಅಗಲವಾಗಿರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಸ್ಥಾನ ದೊರೆತಿದ್ದರೂ ಬಹುಕಾಲ ಹಳೆಯ ಫಾಂಟುಗಳಲ್ಲಿಯೇ ಪುಟಗಳನ್ನು ರಚಿಸುತ್ತಿದ್ದುದರಿಂದ, ಆ ಫಾಂಟು ಇಲ್ಲದವನ ಗಣಕದಲ್ಲಿ ಅವು ಅರ್ಥಹೀನ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದವು. ಆ ಪೀಡೆ ಈಗ ಬಹುಮಟ್ಟಿಗೆ ತೊಲಗಿದೆ. ಅದರ ಸ್ಥಾನವನ್ನು ಇನ್ನೊಂದು ಆಕ್ರಮಿಸಿದೆ: ಆದೇಶಗಳನ್ನೂ ಪ್ರಕಟಣೆಗಳನ್ನೂ ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿಬಿಡುವುದು. ಚಿತ್ರದೊಳಗಿನ ಅಕ್ಷರವನ್ನು ಹುಡುಕಿದರೆ ಸಿಕ್ಕದು. ಅಂಧರಿಗೆ ಓದಿ ಹೇಳುವ ಎನ್‌ವಿಡಿಎಯಂತಹ ತಂತ್ರಾಂಶಗಳಿಗೂ ಅದು ಬರಿಯ ಬಿಳಿಯ ಹಾಳೆ.

ನಿಯಮಗಳಿಗೆ ಕೊರತೆಯಿಲ್ಲ. ಸರ್ಕಾರಿ ಜಾಲತಾಣಗಳಿಗೆಂದು ಭಾರತ ಸರ್ಕಾರವು 2009ರಲ್ಲಿಯೇ ಮಾರ್ಗಸೂಚಿಯನ್ನು ಹೊರಡಿಸಿತು. ಅದಕ್ಕೂ ಒಂದು ವರ್ಷ ಮೊದಲು ಹೊರಬಂದ ಅಂತರರಾಷ್ಟ್ರೀಯ ಸೂತ್ರಗಳು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರಬೇಕಾದ ಬೆಳಕಿನ ವ್ಯತ್ಯಾಸವು ಕನಿಷ್ಠ 4.5ಕ್ಕೆ 1ರಷ್ಟಿರಬೇಕೆಂದು ಲೆಕ್ಕಹಾಕಿಯೇ ಹೇಳಿವೆ. ತಿಳಿಬೂದು ಬಣ್ಣದ ಅಕ್ಷರವನ್ನು ಬಿಳಿಯ ಮೇಲೆ ಬರೆದು ಸೊಗಸೆಂದು ಭಾವಿಸುವವರು, ಮಧ್ಯಾಹ್ನದ ಬಿಸಿಲಿನಲ್ಲಿ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನಿಂತು ತಮ್ಮ ಪುಟವನ್ನು ಸಣ್ಣ ಮೊಬೈಲಿನಲ್ಲಿ ಒಮ್ಮೆ ಓದಿ ನೋಡಲಿ.

ಹಾಗೆ ನೋಡಿದರೆ ಪರೀಕ್ಷೆಗೆ ಬಹಳ ವೆಚ್ಚವೂ ಬೇಕಿಲ್ಲ. ಐದು ಜನ ಸಾಮಾನ್ಯ ಬಳಕೆದಾರರನ್ನು ಕೂರಿಸಿ ನೋಡಿದರೆ ತಾಣವೊಂದರ ದೋಷಗಳಲ್ಲಿ ಸುಮಾರು ಶೇಕಡ 85ರಷ್ಟು ಬಯಲಿಗೆ ಬರುವುವೆಂಬುದು ಮೇಲೆ ಹೇಳಿದ ನೀಲ್ಸನ್ನರ ಪ್ರಸಿದ್ಧವಾದ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಸಹಕಾರ ಸಂಘಕ್ಕೋ ಶಾಲೆಗೋ ಪಂಚಾಯಿತಿಗೋ ಹೊಸ ಜಾಲತಾಣವನ್ನು ಮಾಡಿಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಉದ್ಘಾಟನೆಯ ದಿನವನ್ನು ಗೊತ್ತುಮಾಡುವ ಮುನ್ನ ಹಲಗೂರಿನಿಂದಲೋ ಬೆಸಗರಹಳ್ಳಿಯಿಂದಲೋ ಕೆರಗೋಡಿನಿಂದಲೋ ಐವರನ್ನು ಕರೆಸಿ, ಅವರಲ್ಲಿ ಒಬ್ಬಿಬ್ಬರಾದರೂ ವಯಸ್ಸಾದ ಹೆಂಗಸರಿರುವಂತೆ ನೋಡಿಕೊಂಡು, ಅವರವರ ಮೊಬೈಲನ್ನೇ ಕೈಯಲ್ಲಿ ಕೊಟ್ಟು ಒಂದು ಕೆಲಸವನ್ನು ಹೇಳಿ, ಅವರು ತಡವರಿಸಿದಾಗ ನೆರವಿಗೆ ಹೋಗಬೇಡಿ, ತಡವರಿಸಿದ ಜಾಗವನ್ನು ಬರೆದುಕೊಳ್ಳಿ. ಆ ಪಟ್ಟಿಯನ್ನು ತಾಣವನ್ನು ಕಟ್ಟಿದವರ ಕೈಗೆ ಕೊಟ್ಟು, ಅದು ತೀರುವವರೆಗೆ ಕೊನೆಯ ಕಂತಿನ ಹಣವನ್ನು ತಡೆಹಿಡಿಯಿರಿ.