ಬಿಸಿಲುನಾಡಿನ ಹಿತ್ತಲಿಗೊಂದು ಸಸಿಮನೆ

ಅಡಿಕೆ ಘಟ್ಟದ ಬೆಳೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯ ಬಯಲು ಭೂಮಿಗೂ ಅದು ಇಳಿದು ಬಂದಿದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಖಾನಾಪುರದ ಕಾಡಂಚನ್ನು ಬಿಟ್ಟು ಮೂಡಲಿಗೆ ಬಂದಂತೆಲ್ಲ ಮಳೆ ಕಡಿಮೆ, ಬಿಸಿಲು ಹೆಚ್ಚು. ಕಿತ್ತೂರು ದಾಟಿ ಬೈಲಹೊಂಗಲ, ಮುರಗೋಡ, ಸವದತ್ತಿ ಮುಟ್ಟುವಷ್ಟರಲ್ಲಿ ಎರೆ ಭೂಮಿಯ, ಜೋಳ-ಹತ್ತಿ-ಕಡಲೆಯ ಸೀಮೆ ಬರುತ್ತದೆ. ಇಂಥಲ್ಲಿ ಬಾವಿಯ ನೀರು ನಂಬಿ ಹತ್ತು ಗುಂಟೆ ಅಡಿಕೆ ಇಡಬೇಕೆನ್ನುವವರು ಮೊದಲು ಕೇಳುವುದು, ಸಸಿ ಎಲ್ಲಿಂದ ತರೋಣ ಎಂದು.

ಒಳ್ಳೆಯ ಬೀಜದಡಿಕೆ ತಂದು ಸಸಿಯನ್ನು ಹಿತ್ತಲಲ್ಲೇ ಬೆಳೆಸುವುದು ಲೇಸೆಂದು ನಮ್ಮ ಅಭಿಪ್ರಾಯ. ತೇವದ ನೆರಳಿನಲ್ಲಿ ಬೆಳೆದ ಸಸಿ ಲಾರಿಯೇರಿ ಬಂದು ಬಯಲಿನ ಬಿಸಿಲಿಗೆ ಬಿದ್ದರೆ ಎಲೆ ಸುಟ್ಟುಕೊಳ್ಳುತ್ತದೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಸೊರಗಿದ ಸಸಿ ನೆಟ್ಟವರಿಗೆ ಸಸಿಯ ಬೆಲೆಯಷ್ಟೇ ಅಲ್ಲ, ಅಷ್ಟೂ ವರ್ಷಗಳ ನೀರು-ಗೊಬ್ಬರ ನಷ್ಟ. ಆದ್ದರಿಂದ ಚಿಕ್ಕದೊಂದು ಸಸಿಮನೆ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಹಸಿರುಮನೆ ಬೇರೆ, ನೆರಳುಮನೆ ಬೇರೆ

ಗಾಜಿನ ಅಥವಾ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಚಳಿನಾಡಿನವರ ಉಪಾಯ. ಬಿಸಿಲು ಒಳಗೆ ಬಂದು ನೆಲವನ್ನು ಕಾಯಿಸುತ್ತದೆ. ಕಾದ ಗಾಳಿ ಹೊರಗೆ ಹೋಗಲಾರದು. ಹಿಮ ಬೀಳುವಲ್ಲಿ ಗಿಡ ಬದುಕುವುದು ಇದರಿಂದಲೇ. ಮುರಗೋಡದ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 38-40 ಡಿಗ್ರಿ ಮುಟ್ಟುವುದುಂಟು. ಅಡಿಕೆ ಗಿಡಕ್ಕೆ 14ರಿಂದ 36 ಡಿಗ್ರಿ ಹಿತ. ಇಲ್ಲಿ ಮುಚ್ಚಿದ ಪ್ಲಾಸ್ಟಿಕ್ ಮನೆ ಕಟ್ಟಿದರೆ ಅದು ಒಲೆಯೇ ಸರಿ. ಡಿಸೆಂಬರದ ರಾತ್ರಿಯ ಚಳಿಗೆ ಸಸಿಯ ಬೆಳವಣಿಗೆ ನಿಧಾನವಾದೀತು, ಆದರೆ ಅದು ಸಾಯುವಷ್ಟು ಚಳಿಯಲ್ಲ.

ನಮಗೆ ಬೇಕಾದದ್ದು ಬಿಸಿಲನ್ನು ಸೋಸುವ, ಬಿರುಗಾಳಿಯನ್ನು ತಡೆಯುವ, ಒಳಗಿನ ತೇವ ಕಾಯುವ ಮನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಸಸಿಪಾತಿಯ ಮೇಲೆ ಹಾಕುವ ಚಪ್ಪರ ಇದೇ ತತ್ವದ್ದು. ಬಯಲುನಾಡಿನ ಎಲೆಬಳ್ಳಿ ತೋಟವೂ ಹಾಗೆಯೇ. ಸವಣೂರಿನಂಥ ಒಣ ಸೀಮೆಯಲ್ಲಿ ಹೆಸರಾದ ವೀಳ್ಯದೆಲೆ ಬೆಳೆದದ್ದು ಮರದ ನೆರಳು ಮತ್ತು ನೀರಿನ ತಂಪಿನಿಂದ.

ಜಾಗ ಮತ್ತು ದಿಕ್ಕು

ಮನೆಯ ಮೂಡಲ ಬದಿಗೆ ಜಾಗ ಸಿಕ್ಕಿದರೆ ಉತ್ತಮ; ಮಧ್ಯಾಹ್ನದ ನಂತರ ಮನೆಯದೇ ನೆರಳು ಬೀಳುತ್ತದೆ. ಸಸಿಮನೆಯ ಉದ್ದವನ್ನು ಪೂರ್ವ-ಪಶ್ಚಿಮವಾಗಿ ಇಡಿ. ಆಗ ಪಡುವಣ ಬಿಸಿಲಿಗೂ, ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಡುವಣ ಗಾಳಿಗೂ ಚಿಕ್ಕ ಗೋಡೆ ಮಾತ್ರ ಎದುರಾಗುತ್ತದೆ. ಪಶ್ಚಿಮಕ್ಕೆ ಒಂದೆರಡು ಸಾಲು ಚೊಗಚೆ ಅಥವಾ ನುಗ್ಗೆ ಹಾಕಿರಿ. ಇಂಥ ಜೀವಂತ ಬೇಲಿ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ಬಿರುಸನ್ನು ತಗ್ಗಿಸಬಲ್ಲದು.

20 ಅಡಿ ಉದ್ದ, 12 ಅಡಿ ಅಗಲ ಸಾಕು. ನಡುವೆ 2 ಅಡಿ ದಾರಿ ಬಿಟ್ಟು ಎರಡೂ ಕಡೆ ನಾಲ್ಕೂವರೆ ಅಡಿ ಅಗಲದ ಪಾತಿ ಮಾಡಿದರೆ, ಚದರಡಿಗೆ ಒಂದರಂತೆ ಸುಮಾರು 150 ಸಸಿ ಹಿಡಿಯುತ್ತದೆ. ಒಂಬತ್ತು ಅಡಿ ಅಂತರದಲ್ಲಿ ಹತ್ತು ಗುಂಟೆಗೆ ಬೇಕಾಗುವುದು ಸುಮಾರು 135. ಉಳಿದವು ಸತ್ತ ಗಿಡದ ಜಾಗ ತುಂಬಲು.

ಕಂಬ ಮತ್ತು ಚಪ್ಪರ

ಎರೆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಮೇಲೆ ಮೇಲೆ ಹುಗಿದ ಕಂಬ ಎರಡೇ ವರ್ಷದಲ್ಲಿ ವಾಲುತ್ತದೆ. ಮೂರು ಅಡಿ ಆಳದ ಗುಂಡಿ ತೋಡಿ, ಕಂಬ ನಿಲ್ಲಿಸಿ, ಸುತ್ತ ಕಲ್ಲು ಮತ್ತು ಗರಸು ತುಂಬಿ ಗಟ್ಟಿಯಾಗಿ ಬಡಿಯಬೇಕು. ಕಲ್ಲುಕಂಬವಾದರೆ ಬಾಳಿಕೆ ಹೆಚ್ಚು. ಬಿದಿರಾದರೆ ಹುಗಿಯುವ ತುದಿಗೆ ಡಾಂಬರು ಬಳಿಯಿರಿ.

ಚಪ್ಪರ ನೆಲದಿಂದ 8 ಅಡಿಗಿಂತ ತಗ್ಗಿರಕೂಡದು. ಬಿಸಿ ಗಾಳಿ ಮೇಲೇರುವುದರಿಂದ ಎತ್ತರ ಹೆಚ್ಚಿದಷ್ಟೂ ಸಸಿಯ ಮಟ್ಟದಲ್ಲಿ ತಂಪು. ಮೇಲೆ 50 ಪ್ರತಿಶತ ನೆರಳು ಕೊಡುವ ಬಲೆ ಹೊದಿಸಿ, ತಂತಿಗೆ ಅಡಿಗೊಂದರಂತೆ ಕಟ್ಟಿರಿ. ಪ್ಲಾಸ್ಟಿಕ್ ಹಾಳೆ ಗಾಳಿಯನ್ನು ಹಾಯಿಪಟದಂತೆ ಹಿಡಿಯುತ್ತದೆ. ಬಲೆ ಅದನ್ನು ಸೋಸಿ ಬಿಡುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಬಲೆಯ ಮೇಲೆ ತೆಂಗಿನ ಗರಿ ಅಥವಾ ಜೋಳದ ಕಣಿಕೆಯನ್ನು ತೆಳುವಾಗಿ ಹರಡಿ, ಮಳೆ ಹಿಡಿದೊಡನೆ ತೆಗೆಯಬೇಕು. ವರ್ಷವಿಡೀ ದಟ್ಟ ನೆರಳಿದ್ದರೆ ಸಸಿ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ.

ತಂಪು ಮಾಡುವ ಲೆಕ್ಕ

ಪಶ್ಚಿಮ ಮತ್ತು ದಕ್ಷಿಣದ ಬದಿಗಳಿಗೆ ಕಣಿಕೆಯ ತಟ್ಟಿ ಕಟ್ಟಿ, ಬೇಸಗೆಯಲ್ಲಿ ದಿನಕ್ಕೆರಡು ಬಾರಿ, ಸುಮಾರು ಹನ್ನೊಂದು ಗಂಟೆಗೆ ಮತ್ತು ಎರಡು ಗಂಟೆಗೆ, ನೀರು ಚಿಮುಕಿಸಿರಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. ನೂರು ಲೀಟರ್ ನೀರನ್ನು ಹೆಚ್ಚುಕಡಿಮೆ ಆರು ಡಿಗ್ರಿ ತಣಿಸುವಷ್ಟು ಶಾಖವಿದು. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ.

ಗಾಳಿ ಒಣಗಿದ್ದಾಗ ಮಾತ್ರ ಈ ಉಪಾಯ ಫಲಿಸುತ್ತದೆ. ಜುಲೈಯ ತೇವದ ಗಾಳಿಗೆ ನೀರು ಆವಿಯಾಗುವುದಿಲ್ಲ, ಎಲೆಗೆ ಶಿಲೀಂಧ್ರ ರೋಗ ಮಾತ್ರ ಬರುತ್ತದೆ. ಮಳೆಗಾಲದಲ್ಲಿ ತಟ್ಟಿ ಬಿಚ್ಚಿ ಗಾಳಿಯಾಡಲು ಬಿಡಿ.

ಬೀಜ, ಮಣ್ಣು, ನೀರು

ಚೆನ್ನಾಗಿ ಹಣ್ಣಾದ ಗೋಟನ್ನು ನಂಬಿಕೆಯ ತೋಟದಿಂದ, ವರ್ಷವೂ ಫಲ ಕೊಡುವ ಮರದಿಂದ ಆರಿಸಬೇಕು. ಹಳದಿ ಎಲೆ ರೋಗ ಇರುವ ತೋಟದ ಬೀಜ ಬೇಡ. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಗೋಟಿನಿಂದ ಗಟ್ಟಿಮುಟ್ಟಾದ ಸಸಿ ಬರುತ್ತದೆ. 150 ಸಸಿ ಬೇಕಾದವರು 200 ಗೋಟು ಹಾಕಿರಿ. ಮರಳಿನ ಪಾತಿಯಲ್ಲಿ ಎರಡಂಗುಲ ಅಂತರಕ್ಕೆ, ತೊಟ್ಟು ಮೇಲಾಗಿ ಇಟ್ಟು, ಮುಚ್ಚುವಷ್ಟು ಮರಳು ಹಾಕಿ ದಿನವೂ ನೀರು ಕೊಟ್ಟರೆ ಸುಮಾರು 45 ದಿನಕ್ಕೆ ಮೊಳಕೆ ಬರುತ್ತದೆ.

ಫೆಬ್ರವರಿಯಲ್ಲಿ ಹಾಕಿದ ಗೋಟು ಮೇ ತಿಂಗಳಲ್ಲಿ ಎರಡು-ಮೂರು ಎಲೆ ಬಿಟ್ಟು ಚೀಲಕ್ಕೆ ಸಿದ್ಧವಾಗುತ್ತದೆ. ಕಡು ಬಿಸಿಲಿಗೂ ಎಳೆಯ ಬೇರಿಗೂ ಒಂದೇ ಕಾಲ. ಸಸಿಮನೆ ಇಲ್ಲದೆ ಕೆಡುವುದು ಇಲ್ಲಿಯೇ.

25 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಚೀಲಕ್ಕೆ ತಳದಲ್ಲಿ ತೂತು ಮಾಡಿ, ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಕಳಿತ ತಿಪ್ಪೆಗೊಬ್ಬರ, ಎರಡು ಪಾಲು ಮರಳು ಬೆರೆಸಿ ತುಂಬಬೇಕು. ಎರೆ ಮಣ್ಣು ಇದಕ್ಕೆ ಆಗದು. ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿ ಮಣ್ಣು ತನ್ನಿ. ಕೊಳವೆ ಬಾವಿಯ ನೀರು ಸವಳಾಗಿದ್ದರೆ ಎಲೆಯ ತುದಿ ಕಂದುತ್ತದೆ. ಮೊದಲೇ ಪರೀಕ್ಷೆ ಮಾಡಿಸಿರಿ. ಮಳೆನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನೂರು ಚದರಡಿ ತಗಡಿನ ಮೇಲೆ ಒಂದು ಸೆಂ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು ಸಿಗುತ್ತದೆ.

ಹೊಲಕ್ಕೆ ಹೋಗುವ ಮುನ್ನ

12ರಿಂದ 18 ತಿಂಗಳಲ್ಲಿ ಐದು ಎಲೆಗಳ ಸಸಿ ನೆಡಲು ಯೋಗ್ಯ. ಎತ್ತರದ ಸಸಿಗಿಂತ ಗಿಡ್ಡಾಗಿ, ದಪ್ಪವಾಗಿ, ಹೆಚ್ಚು ಎಲೆ ಇರುವುದನ್ನೇ ಆರಿಸಿರಿ. ನೆಡುವ ತಿಂಗಳ ಮೊದಲು ಬಲೆಯನ್ನು ಬೆಳಗಿನ ಹೊತ್ತು ಸ್ವಲ್ಪ ಸ್ವಲ್ಪವಾಗಿ ಸರಿಸಿ ಬಿಸಿಲಿಗೆ ಹೊಂದಿಸಬೇಕು. ಎರೆ ಭೂಮಿಯಲ್ಲಿ ಮಳೆಯ ಅಬ್ಬರ ಇಳಿದ ಮೇಲೆ, ಬಸಿಗಾಲುವೆ ತೆಗೆದು ನೆಡಿರಿ. ನೈಋತ್ಯ ದಿಕ್ಕಿಗೆ ಬಾಳೆ ಮೊದಲೇ ಬೆಳೆದು ನಿಂತಿರಲಿ.

ಮೊದಲು ನೀರಿನ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಲಾರೆವು. ಸಸಿಮನೆ ಸಸಿಯನ್ನು ಉಳಿಸೀತು, ತೋಟವನ್ನು ಉಳಿಸಲಾರದು. ಬೇಸಗೆಯಲ್ಲಿ ಹನಿ ನೀರಾವರಿಯಲ್ಲೂ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಹತ್ತು ಗುಂಟೆಯ 135 ಮರಕ್ಕೆ ದಿನಕ್ಕೆ 2,700 ಲೀಟರ್. ಎಕರೆಗಾದರೆ ಹತ್ತು ಸಾವಿರಕ್ಕೂ ಮೇಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಮಲಪ್ರಭೆಯ ನವಿಲುತೀರ್ಥ ಜಲಾಶಯವೂ ಎಲ್ಲ ವರ್ಷ ತುಂಬುವುದಿಲ್ಲ. ಜೋಳ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಬಿತ್ತಬಹುದು. ಹತ್ತು ವರ್ಷದ ಅಡಿಕೆ ಮರ ಒಣಗಿದರೆ ಮತ್ತೆ ಹತ್ತು ವರ್ಷ ಬೇಕು.

ಆದ್ದರಿಂದ ಮೇ ತಿಂಗಳ ಕೊನೆಯ ವಾರ ನಿಮ್ಮ ಬಾವಿ ದಿನಕ್ಕೆ ಎಷ್ಟು ನೀರು ಕೊಡುತ್ತದೆಂದು ಅಳೆಯಿರಿ. ಜನ, ದನ, ಈಗಿರುವ ಬೆಳೆಗೆ ಬೇಕಾದುದನ್ನು ಕಳೆಯಿರಿ. ಉಳಿದ ಲೀಟರನ್ನು ಇಪ್ಪತ್ತರಿಂದ ಭಾಗಿಸಿದರೆ ಬರುವುದೇ ನೀವು ಇಡಬಹುದಾದ ಮರಗಳ ಸಂಖ್ಯೆ. ಅದು ಐವತ್ತಾದರೆ ಐವತ್ತೇ ಇಡಿ. ಸಸಿಮನೆಯ ಉಳಿದ ಪಾತಿಯಲ್ಲಿ ನುಗ್ಗೆ, ಲಿಂಬೆ, ಕರಿಬೇವಿನ ಸಸಿ ಬೆಳೆಸಬಹುದು. ಮಣ್ಣು-ನೀರಿನ ಪರೀಕ್ಷೆಗೆ ಬೈಲಹೊಂಗಲದ ಕಡೆಯವರು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ನೆರಳುಮನೆಗೆ ದೊರೆಯುವ ಸಹಾಯಧನವನ್ನು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ, ಕಂಬ ನಿಲ್ಲಿಸುವ ಮೊದಲೇ ವಿಚಾರಿಸತಕ್ಕದ್ದು.