ಊರು ಮಲಗಿದಾಗ ಹಾರುವವರು

ಸಹೋದರಿಯರೇ, ಇಶಾ ಮುಗಿಸಿ ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಕು ವಿಮಾನದ ಎಷ್ಟೋ ಪೈಲಟ್‌ಗಳು ಕೆಲಸಕ್ಕೆ ಹೊರಡುತ್ತಾರೆ. ಅವರ ಹಿಂದೆ ಪ್ರಯಾಣಿಕರಿಲ್ಲ. ಔಷಧಿ, ಮೊಬೈಲ್, ಬಟ್ಟೆ, ಕೆಲವೊಮ್ಮೆ ಕುದುರೆಗಳೂ ಇರುತ್ತವೆ. ಬೋಯಿಂಗ್ 747-8 ಸರಕು ವಿಮಾನ ಒಮ್ಮೆಗೆ 130 ಟನ್‌ಗೂ ಹೆಚ್ಚು ಹೊರಬಲ್ಲದು.

ಏಷ್ಯಾದಿಂದ ಅಮೆರಿಕಕ್ಕೆ ಹೋಗುವ ಇಂತಹ ಅನೇಕ ವಿಮಾನಗಳು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಕೊಳ್ಳುತ್ತವೆ. ದಾರಿಯಲ್ಲಿ ದಿನಾಂಕ ರೇಖೆ ದಾಟಿದರೆ ಕಳೆದ ದಿನವೇ ಮತ್ತೆ ಶುರು! ಹಗಲಲ್ಲಿ ಹೋಟೆಲ್ ಕೋಣೆಯ ಪರದೆ ಎಳೆದು ನಿದ್ದೆ. ಮಕ್ಕಳ ಮುಖ ಫೋನಿನಲ್ಲಿ. ಪೈಲಟ್‌ಗಳ ವಿಶ್ರಾಂತಿಗಾಗಿ ಅಮೆರಿಕದಲ್ಲಿ 2014ರಲ್ಲಿ ಜಾರಿಗೆ ಬಂದ ಕಠಿಣ ನಿಯಮಗಳಿಂದಲೂ ಸರಕು ವಿಮಾನಗಳನ್ನು ಕೈಬಿಡಲಾಯಿತು.

2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಜರ್ಮನಿಯ ಕಲೋನ್‌ಗೆ ಹೊರಟ ಸರಕು ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಹತ್ತಿತು. ಹೊಗೆಯಲ್ಲಿ ಎದುರಿನ ಉಪಕರಣಗಳೇ ಕಾಣಿಸಲಿಲ್ಲ. ದುಬೈಗೆ ಹಿಂತಿರುಗಲು ಯತ್ನಿಸಿದ ಇಬ್ಬರೂ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಬೆಂಕಿ ಹುಟ್ಟಿದ್ದು ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲಿ. ಕೆಲವು ಬ್ಯಾಟರಿಗಳನ್ನು ಅಪಾಯಕಾರಿ ವಸ್ತುವೆಂದು ತಿಳಿಸಿಯೇ ಇರಲಿಲ್ಲವೆಂದು ತನಿಖೆ ಹೇಳಿತು.

ಪೆಟ್ಟಿಗೆಯ ಮೇಲೆ ಬರೆಯುವ ನಾಲ್ಕು ಅಕ್ಷರವೂ ಒಂದು ಅಮಾನತ್. ಪಾರ್ಸೆಲ್ ಕಳುಹಿಸುವಾಗ ಒಳಗಿರುವುದನ್ನು ಇದ್ದ ಹಾಗೆಯೇ ಬರೆಯಿರಿ. ಗಲ್ಫಿಗೆ ಹೊರಟ ಗಂಡನಿಗೋ ಮಗನಿಗೋ ಪೆಟ್ಟಿಗೆ ಕಟ್ಟುವಾಗ ಪವರ್ ಬ್ಯಾಂಕನ್ನು ಬಟ್ಟೆಗಳ ನಡುವೆ ಇಡಬೇಡಿ. ನಿಯಮದಂತೆ ಅದು ಕೈಚೀಲದಲ್ಲೇ ಇರಬೇಕು. ನಮ್ಮ ಪೆಟ್ಟಿಗೆ ಹೊತ್ತು ಕತ್ತಲಲ್ಲಿ ಹಾರುವವರ ಮನೆಯಲ್ಲೂ ಬಾಗಿಲ ಕಡೆ ನೋಡುತ್ತಾ ಕಾಯುವವರಿದ್ದಾರೆ. ನಮ್ಮ ದುಆದಲ್ಲಿ ಅವರಿಗೂ ಒಂದು ಪಾಲಿರಲಿ.