ಪಂಕ್ತಿಯಲ್ಲಿ ಕುಳಿತ ಎಲೆಕ್ಟ್ರಾನುಗಳು

ಸೌದಿಯಲ್ಲಿ ರಸಾಯನಶಾಸ್ತ್ರಜ್ಞರೆಂದರೆ ಬಂಧುಗಳು ಕೇಳುವುದು ಪೆಟ್ರೋಲಿನ ಸಮಾಚಾರ. ನಾವು ಈ ಸಲ ಹೇಳಹೊರಟಿರುವುದು ಅಣುವಿನೊಳಗಿನ ಎಲೆಕ್ಟ್ರಾನುಗಳ ಲೆಕ್ಕ. ಇದು ತಪ್ಪಿದರೆ ಯಾವ ಪದಾರ್ಥ ಬೆಳಕು ಬೀರುತ್ತದೆ, ಯಾವುದು ಬೀರದು ಎಂಬುದನ್ನೇ ಹೇಳಲಾಗದು.

ಎಲೆಕ್ಟ್ರಾನಿನ ಸ್ಪಿನ್‌ಗೆ ಮೇಲೆ, ಕೆಳಗೆ ಎಂದು ಎರಡೇ ಸ್ಥಿತಿ. ಸ್ಪಿನ್‌ಗಳು ಹತ್ತಿದ್ದರೆ 1,024 ಸಾಧ್ಯತೆ. ಮೂವತ್ತಕ್ಕೆ 107 ಕೋಟಿ. ಐವತ್ತಕ್ಕೆ ಹನ್ನೊಂದು ಕೋಟಿ ಕೋಟಿ! ಪ್ರತಿ ಸಾಧ್ಯತೆಗೂ ಒಂದು ಸಂಖ್ಯೆ ಬರೆದಿಟ್ಟ ಖಾತೆಪುಸ್ತಕವೇ ತರಂಗ ಫಲನ. ಇದನ್ನು ಹಿಡಿಸುವ ಕಂಪ್ಯೂಟರು ಎಲ್ಲಿಂದ ತರೋಣ?

ಯುಗಾದಿ ಊಟದ ಪಂಕ್ತಿಯನ್ನು ನೆನೆಯಿರಿ. ಒಂದೇ ಸಾಲು, ಮಾತೆಲ್ಲ ಪಕ್ಕದ ಎಲೆಯವರೊಡನೆ. ನಡುವೆ ಗೆರೆ ಎಳೆದರೆ ಎಡಗಡೆಯ ಸುದ್ದಿ ಬಲಕ್ಕೆ ದಾಟುವುದು ಗೆರೆಯ ಪಕ್ಕದ ಇಬ್ಬರ ಮೂಲಕವೇ. ಆದ್ದರಿಂದ ಪೂರ್ತಿ ಖಾತೆ ಬೇಡ. ಒಬ್ಬೊಬ್ಬರಿಗೆ ಒಂದು ಪುಟ್ಟ ಕೋಷ್ಟಕ, ನೆರೆಯ ಕೋಷ್ಟಕಕ್ಕೊಂದು ಕೊಂಡಿ ಸಾಕು. ಕೊಂಡಿಯ ಅಗಲ 100 ಎಂದಿಟ್ಟುಕೊಂಡರೆ ಐವತ್ತು ಸ್ಪಿನ್‌ಗಳಿಗೆ ಹತ್ತು ಲಕ್ಷ ಸಂಖ್ಯೆಗಳಲ್ಲಿ ಕೆಲಸ ಮುಗಿಯಿತು. ಉತ್ತರ ಅಂದಾಜಿನದೇ, ಆದರೆ ಬಹಳ ಒಳ್ಳೆಯ ಅಂದಾಜು. ಟೆನ್ಸರ್ ಜಾಲದ ಅತಿ ಸರಳ ರೂಪ ಇದು.

ಈ ವಿದ್ಯೆಯ ವಂಶಾವಳಿಯಲ್ಲಿ ಬೆಂಗಳೂರಿಗೂ ಪಾಲಿದೆ. ಅಮೆರಿಕದ ಕೆನೆತ್ ವಿಲ್ಸನ್ 1975ರಲ್ಲಿ ಇದಕ್ಕೆ ಪೂರ್ವಜವಾದ ಲೆಕ್ಕವನ್ನು ಪ್ರಕಟಿಸಿದರು. ಅದನ್ನು ಮುಂದುವರಿಸಿದ 1980ರ ಪ್ರಸಿದ್ಧ ಪ್ರಬಂಧಗಳಲ್ಲಿ ವಿಲ್ಸನ್ ಮತ್ತು ವಿಲ್ಕಿನ್ಸ್ ಅವರ ಜೊತೆ ಇದ್ದವರು ಎಚ್. ಆರ್. ಕೃಷ್ಣಮೂರ್ತಿ, ಆಮೇಲೆ ನಮ್ಮ 'ಟಾಟಾ ಇನ್‌ಸ್ಟಿಟ್ಯೂಟಿ'ನ ಪ್ರಾಧ್ಯಾಪಕರು. 1992ರಲ್ಲಿ ಸ್ಟೀವನ್ ವೈಟ್ ಈ ವಿಧಾನವನ್ನು ಸರಪಳಿಗಳಿಗೆ ಒಗ್ಗಿಸಿದರು. 1996ರಲ್ಲಿ ಅದೇ ಸಂಸ್ಥೆಯ ಎಸ್. ರಾಮಶೇಷ, ಸ್ವಪನ್ ಪತಿ, ಕೃಷ್ಣಮೂರ್ತಿ ಮತ್ತು ವಿದೇಶಿ ಸಹೋದ್ಯೋಗಿಗಳು ಸಮಮಿತಿಯ ನೆರವಿನಿಂದ ಉದ್ರಿಕ್ತ ಸ್ಥಿತಿಗಳನ್ನೂ ಬೇರ್ಪಡಿಸುವ ದಾರಿ ತೋರಿದರು.

ರಸಾಯನಶಾಸ್ತ್ರಕ್ಕೆ ಬೇಕಾದದ್ದೇ ಅದು. ಒಂಟಿ, ಜೋಡಿ ಬಂಧಗಳು ಸರದಿಯಂತೆ ಬರುವ ಇಂಗಾಲದ ಉದ್ದ ಸರಪಳಿಯಲ್ಲಿ ಎರಡು ಉದ್ರಿಕ್ತ ಸ್ಥಿತಿಗಳು ಮುಖ್ಯ: ಒಂದು ಬೆಳಕಿನದು, ಇನ್ನೊಂದು ಕತ್ತಲೆಯದು. ಕತ್ತಲೆಯದು ಕೆಳಗಿದ್ದರೆ ಶಕ್ತಿಯೆಲ್ಲ ಅಲ್ಲಿಗಿಳಿದು ಸರಪಳಿ ಹೊಳೆಯುವುದಿಲ್ಲ. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಈ ಮೇಲು-ಕೀಳಿನ ಕ್ರಮವೇ ತಲೆಕೆಳಗಾಗುತ್ತದೆ. ದೀಪಕ್ಕಾಗಿ ಪಾಲಿಮರು ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ.

ಸಭಾಂಗಣದಲ್ಲಿ ಹತ್ತು ಸಾಲು ಎಲೆ ಹಾಕಿದಾಗ ಮಾತ್ರ ತೊಂದರೆ. ನಡುಗೆರೆ ಈಗ ಹತ್ತು ಜೋಡಿಗಳ ನಡುವೆ ಹಾಯುತ್ತದೆ. ಸಾಲು ಹೆಚ್ಚಿದಂತೆಲ್ಲ ಬೇಕಾದ ಕೊಂಡಿಯ ಅಗಲ ಗುಣಿಸುತ್ತಾ ಹೋಗುತ್ತದೆ. 2004ರಲ್ಲಿ ವೆರ್ಸ್ಟ್ರಾಟೆ ಮತ್ತು ಸಿರಾಕ್ ಜಾಲವನ್ನೇ ಎರಡು ದಿಕ್ಕಿಗೂ ಹೆಣೆದರು. ಉಪಾಯ ಸೊಗಸು, ಗಣನೆ ದುಬಾರಿ. ತಾಮ್ರದ ಆಕ್ಸೈಡಿನ ಅತಿವಾಹಕಗಳಲ್ಲಿರುವಂಥ ಹಾಳೆಗಳ ಬಗ್ಗೆ ತಜ್ಞರ ಜಗಳ ಇನ್ನೂ ನಡೆದೇ ಇದೆ.